ಅಟ್ಟದಿಂದ ಇಳಿದ ಕಟ್ಟುಗಳು

ಸಾಗರ ತಾಲ್ಲೂಕಿನ ನಮ್ಮ ಹಳೆಯ ಮನೆಯನ್ನು ಬಿಚ್ಚುವುದೆಂದು ತೀರ್ಮಾನವಾದ ವರ್ಷ, ಹಂಚು ಇಳಿಸುವ ಮೊದಲು ಅಟ್ಟ ಖಾಲಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಅಡುಗೆಮನೆಯ ಒಲೆಗೆ ನೇರವಾಗಿ ಮೇಲೆ, ಹೊಗೆ ಹಿಡಿದು ಕಪ್ಪಾದ ತೊಲೆಗಳ ನಡುವೆ, ಕೆಂಪು ಬಟ್ಟೆಯಲ್ಲಿ ಸುತ್ತಿದ ಮೂರು ಓಲೆಗರಿ ಕಟ್ಟುಗಳೂ ಒಂದು ತಗಡಿನ ಪೆಟ್ಟಿಗೆಯೊಳಗೆ ಮಡಿಚಿಟ್ಟ ಕಪ್ಪು ರಟ್ಟಿನಂಥ ವಸ್ತುವೊಂದೂ ಸಿಕ್ಕವು. ಕಟ್ಟುಗಳು ನನಗೆ ಹೊಸತಲ್ಲ. ನವರಾತ್ರಿಯಲ್ಲಿ ಶಾರದಾಪೂಜೆಯ ದಿನ ಅಜ್ಜಿ ಅವನ್ನು ಕೆಳಗಿಳಿಸಿ, ಮಣೆಯ ಮೇಲಿಟ್ಟು, ಅರಿಶಿನ ಕುಂಕುಮ ಏರಿಸಿ, ವಿಜಯದಶಮಿಯ ಮರುದಿನ ಮತ್ತೆ ಮೇಲಕ್ಕೆ ಸೇರಿಸುತ್ತಿದ್ದರು. ದಾರ ಬಿಚ್ಚಿ ಒಳಗೇನಿದೆ ಎಂದು ನೋಡಿದವರು ಮಾತ್ರ ಮನೆಯಲ್ಲಿ ಯಾರೂ ಇರಲಿಲ್ಲ. ಕಪ್ಪು ವಸ್ತುವಿಗೆ ಪೂಜೆಯೂ ಇರಲಿಲ್ಲ, ಹೆಸರೂ ಇರಲಿಲ್ಲ.

ಅಜ್ಜಿ ತೀರಿಕೊಂಡ ಮೇಲೆ ಪೂಜೆಯ ಪದ್ಧತಿ ತಾನಾಗಿ ನಿಂತಿತ್ತು. ದೊಡ್ಡಪ್ಪ ಕಟ್ಟುಗಳನ್ನು ಕಂಡವರೇ, "ಓದ್ಲಿಕ್ಕೆ ಬಾರದ್ದನ್ನ ಇಟ್ಕೊಂಡು ಏನ್ ಮಾಡ್ತೀಯ? ಶಾಸ್ತ್ರಕ್ಕೆ ಹೊಳೆಗೆ ಬಿಟ್ಟು ಕೈಮುಗಿದು ಬಾ" ಎಂದರು. ಅದರಲ್ಲಿ ಅಸಡ್ಡೆ ಇರಲಿಲ್ಲ. ಪವಿತ್ರವಾದದ್ದು ಕಸದ ರಾಶಿಗೆ ಹೋಗಬಾರದು ಎಂಬ ಕಾಳಜಿಯೇ ಇತ್ತು. ಮಲೆನಾಡಿನಲ್ಲಿ ಎಷ್ಟೋ ಮನೆಗಳ ಓಲೆಗರಿಗಳು ಹೀಗೆಯೇ ಭಕ್ತಿಪೂರ್ವಕವಾಗಿ ಹೊಳೆ ಸೇರಿವೆ, ಇನ್ನು ಕೆಲವು ಅಷ್ಟು ಭಕ್ತಿಯೂ ಇಲ್ಲದೆ ಬಚ್ಚಲೊಲೆ ಸೇರಿವೆ. ನಮ್ಮವು ಹೊಳೆಗೆ ಹೋಗದೆ ಉಳಿದದ್ದಕ್ಕೆ ಕಾರಣ ನನ್ನ ಇತಿಹಾಸಪ್ರಜ್ಞೆ ಎಂದು ಹೇಳಿಕೊಂಡರೆ ಸುಳ್ಳಾದೀತು. ಮಳೆಗಾಲ, ಹೊಳೆ ತುಂಬಿ ಹರಿಯುತ್ತಿತ್ತು, ಹತ್ತಿರ ಹೋಗುವಂತಿರಲಿಲ್ಲ. ಆ ಒಂದು ವಾರದ ಅಂತರದಲ್ಲಿ ಪಕ್ಕದೂರಿನ ನಿವೃತ್ತ ಮೇಷ್ಟ್ರೊಬ್ಬರು ಬಂದು, "ಕೆಳದಿಗಾದ್ರೂ ಒಂದ್ಸಲ ತಗೊಂಡು ಹೋಗಿ ತೋರ್ಸಿ ಮಾರಾಯ್ರೇ, ಆಮೇಲೆ ಬೇಕಾದ್ರೆ ಬಿಡಿ" ಎಂದು ಹೇಳಿ ಹೋದರು.

ಕೆಳದಿ ನಮಗೆ ದೂರದ ಊರಲ್ಲ. ಸಾಗರದಿಂದ ಹೊರಟರೆ ಕಾಲು ಗಂಟೆಯ ದಾರಿ. ಶಾಲೆಯಲ್ಲಿದ್ದಾಗ ಪ್ರವಾಸದ ಹೆಸರಿನಲ್ಲಿ ರಾಮೇಶ್ವರ ದೇವಸ್ಥಾನಕ್ಕೆ ಕರೆದೊಯ್ದಿದ್ದರು; ವೀರಭದ್ರನ ಗುಡಿಯ ಮಾಡಿನಲ್ಲಿ ಕೆತ್ತಿದ ಗಂಡಭೇರುಂಡವನ್ನು ಕತ್ತೆತ್ತಿ ನೋಡಿ ಕುತ್ತಿಗೆ ನೋಯಿಸಿಕೊಂಡದ್ದಷ್ಟೇ ನೆನಪು. ಅದೇ ಊರಿನಲ್ಲಿ ಒಂದು ವಸ್ತುಸಂಗ್ರಹಾಲಯವೂ ಇದೆ ಎಂಬುದು ಗೊತ್ತಿದ್ದರೂ ಒಳಗೆ ಕಾಲಿಟ್ಟಿರಲಿಲ್ಲ. ಊರ ಬುಡದಲ್ಲಿರುವುದನ್ನು ನಾಳೆ ನೋಡಿದರಾಯಿತು ಎಂಬ ಉದಾಸೀನ ನಮ್ಮಲ್ಲಿ ಹೆಚ್ಚಿನವರಿಗೆ ಇರುವಂಥದ್ದೇ.

ಈ ಸಂಗ್ರಹಾಲಯವನ್ನು ಕಟ್ಟಿದವರು ಇತಿಹಾಸಕಾರ ಕೆಳದಿ ಗುಂಡಾ ಜೋಯಿಸರು. 1960ರ ದಶಕದಲ್ಲಿ, ಸರ್ಕಾರದ ದೊಡ್ಡ ಯೋಜನೆಯಾಗಲಿ ಅರಮನೆಯ ಉಗ್ರಾಣವಾಗಲಿ ಬೆನ್ನಿಗಿಲ್ಲದೆ, ತಮ್ಮ ಮನೆತನದಲ್ಲಿದ್ದುದನ್ನೂ ಸುತ್ತಲ ಊರುಗಳಲ್ಲಿ ಹುಡುಕಿ ತಂದುದನ್ನೂ ಒಟ್ಟುಗೂಡಿಸಿ ಆರಂಭಿಸಿದ ಸಂಗ್ರಹ ಇದು. ಓಲೆಗರಿ, ಕಡತ, ತಾಮ್ರಪಟ, ನಾಣ್ಯ ಹೀಗೆ ಬೆಳೆಯುತ್ತಾ ಬಂದು ಇಂದು ಕುವೆಂಪು ವಿಶ್ವವಿದ್ಯಾಲಯದ ಆಶ್ರಯದಲ್ಲಿದೆ. ಹೆಸರಿನಲ್ಲಿಯೇ ಸಂಗ್ರಹಾಲಯದ ಜೊತೆ ಸಂಶೋಧನೆಯನ್ನೂ ಸೇರಿಸಿಕೊಂಡದ್ದು ನನಗೆ ಅರ್ಥಪೂರ್ಣವಾಗಿ ಕಾಣುತ್ತದೆ, ಏಕೆಂದರೆ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟ ಓಲೆಗರಿಗೂ ನಮ್ಮ ಅಟ್ಟದ ಓಲೆಗರಿಗೂ, ಓದುವವರಿಲ್ಲದಿದ್ದರೆ, ಧೂಳಿನ ಪ್ರಮಾಣ ಒಂದನ್ನು ಬಿಟ್ಟು ಬೇರೆ ವ್ಯತ್ಯಾಸವೇನೂ ಇರುವುದಿಲ್ಲ.

ನಾವು ಹೋದ ದಿನ ಅಲ್ಲಿ ಹಸ್ತಪ್ರತಿಗಳನ್ನು ಬಲ್ಲ ಹಿರಿಯರೊಬ್ಬರಿದ್ದರು. ನಾನು ಚೀಲದಿಂದ ಕಟ್ಟುಗಳನ್ನು ತೆಗೆಯುವಾಗ, ಇದು ಎಷ್ಟು ವರ್ಷ ಹಳೆಯದು, ಏನಾದರೂ ಬೆಲೆ ಬಾಳುತ್ತದೆಯೇ ಎಂಬ ಪ್ರಶ್ನೆಗಳು ನನ್ನ ನಾಲಿಗೆಯ ತುದಿಯಲ್ಲಿದ್ದವು. ಅವರು ಕೇಳಿದ ಪ್ರಶ್ನೆಗಳು ಬೇರೆ. ಯಾವ ಊರು, ಯಾರ ಮನೆ, ಮನೆಗೆ ಊರಿನವರು ಕರೆಯುವ ಹೆಸರೇನು, ಅಟ್ಟದ ಯಾವ ಮೂಲೆಯಲ್ಲಿತ್ತು, ಮೂರೂ ಕಟ್ಟುಗಳು ಒಟ್ಟಿಗೇ ಇದ್ದವೇ, ಪೂಜೆ ಮಾಡುತ್ತಿದ್ದವರು ಯಾರು, ಅವರ ತವರು ಯಾವುದು. ಅಜ್ಜಿಯ ತವರಿಗೂ ಓಲೆಗರಿಗೂ ಏನು ಸಂಬಂಧ ಎಂದು ನನಗೆ ಅನ್ನಿಸಿತು. ಎಷ್ಟೋ ಮನೆಗಳಲ್ಲಿ ಕಟ್ಟುಗಳು ಮದುವೆಯ ಮೂಲಕ, ಗಂಡು ಸಂತಾನವಿಲ್ಲದ ತವರಿನಿಂದ ಮಗಳ ಮನೆಗೆ ಬಂದಿರುತ್ತವೆ, ಆದ್ದರಿಂದ ಕೇಳಿದೆ ಎಂದು ಅವರು ವಿವರಿಸಿದರು. ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡ ನಂತರವೇ ಅವರ ಕೈ ದಾರದ ಗಂಟಿಗೆ ಹೋಯಿತು.

ಈ ಕ್ರಮ ನನ್ನ ಮನಸ್ಸಿಗೆ ನಾಟಲು ಹಿಂದಿನ ಒಂದು ಕಹಿಯೂ ಕಾರಣ. ನಮ್ಮ ಮನೆಯಲ್ಲಿ ಅಡಿಕೆ ಸುಲಿಯುವ ಹಳೆಯದೊಂದು ಮೆಟ್ಟುಗತ್ತಿ ಇತ್ತು. ಮೆಟ್ಟುಗತ್ತಿಯೆಂದರೆ ಮರದ ಮಣೆಗೆ ಕೂರಿಸಿದ ಕತ್ತಿ. ಮಣೆಯನ್ನು ಕಾಲಿನಲ್ಲಿ ಒತ್ತಿ ಹಿಡಿದು, ಎರಡೂ ಕೈಗಳಿಂದ ಅಡಿಕೆಯನ್ನು ಅಲಗಿಗೆ ಒತ್ತಿ ಸಿಪ್ಪೆ ಬಿಡಿಸುವುದು. ಸುಗ್ಗಿಯ ರಾತ್ರಿಗಳಲ್ಲಿ ಚಪ್ಪರದ ಕೆಳಗೆ ಲಾಟೀನು ತೂಗುಹಾಕಿ, ಸುತ್ತಲ ಕೇರಿಗಳ ಹೆಂಗಸರು ಸಾಲಾಗಿ ಕುಳಿತು, ಡಬ್ಬದ ಲೆಕ್ಕದಲ್ಲಿ ಸುಲಿಯುತ್ತಿದ್ದರು. ನಮ್ಮ ಮನೆಯ ಆ ಒಂದು ಕತ್ತಿಯ ಅಲಗು ಉಳಿದವುಗಳಂತಿರದೆ ಇನ್ನೊಂದು ಬದಿಗೆ ವಾಲಿತ್ತು, ಮಣೆಯ ಎಡಬದಿಯಲ್ಲಿ ಕಾಲು ಒತ್ತಿ ಒತ್ತಿ ಒಂದು ಹೆಬ್ಬೆರಳಿನಷ್ಟು ಆಳದ ಕುಳಿ ಬಿದ್ದಿತ್ತು. ಎಡಗೈಯ ರೂಢಿಯಿದ್ದ ಒಬ್ಬ ಹೆಂಗಸಿಗಾಗಿ ಅಜ್ಜ ಆಚಾರಿಯಿಂದ ಹೇಳಿ ಮಾಡಿಸಿದ್ದು ಅದು. ಮೂವತ್ತು ಸುಗ್ಗಿ ಆಕೆ ಅದೇ ಮಣೆಯ ಮೇಲೆ ಸುಲಿದಿದ್ದರಂತೆ. ಚಿಕ್ಕಪ್ಪ ಅದನ್ನು ಒಳ್ಳೆಯ ಮನಸ್ಸಿನಿಂದಲೇ ಒಂದು ನಗರದ ಸಂಗ್ರಹಾಲಯಕ್ಕೆ ಕೊಟ್ಟರು, ಕೊಡುವಾಗ ಈ ಕಥೆಯನ್ನೂ ಹೇಳಿದರು. ಕೆಲವು ವರ್ಷಗಳ ನಂತರ ನಾನು ಹುಡುಕಿಕೊಂಡು ಹೋದಾಗ ಅದು ಒಂದು ಕಪಾಟಿನಲ್ಲಿ, ಬೇರೆ ಐದಾರು ಕತ್ತಿಗಳ ನಡುವೆ, "ಕೃಷಿ ಉಪಕರಣ, ಕಬ್ಬಿಣ ಮತ್ತು ಮರ" ಎಂಬ ಚೀಟಿಯ ಕೆಳಗಿತ್ತು. ಚೀಟಿಯಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಆ ಹೆಂಗಸು, ಆಕೆಯ ಎಡಗೈ, ಮೂವತ್ತು ಸುಗ್ಗಿ ಎಲ್ಲವೂ ಕಪಾಟಿನ ಹೊರಗೇ ಉಳಿದಿದ್ದವು. ನಾನು ವಿಚಾರಿಸಿದ್ದಕ್ಕೆ, ಕೊಟ್ಟವರ ವಿವರ ಹಳೆಯ ರಿಜಿಸ್ಟರಿನಲ್ಲಿ ಇರಬಹುದು, ಆ ರಿಜಿಸ್ಟರು ಎಲ್ಲಿದೆಯೋ ನೋಡಬೇಕು ಎಂಬ ಉತ್ತರ ಸಿಕ್ಕಿತು.

ಸ್ಥಳೀಯ ಸಂಗ್ರಹಾಲಯವೊಂದು ಮಾಡುವ ಅತಿ ಮುಖ್ಯವಾದ ಕೆಲಸ ಆ ರಿಜಿಸ್ಟರನ್ನು ಕಳೆಯದೆ ಇಟ್ಟುಕೊಳ್ಳುವುದೇ ಎಂದು ಅಂದಿನಿಂದ ನಾನು ನಂಬಿದ್ದೇನೆ. ವಸ್ತು ಉಳಿದು ಅದರ ಮನೆತನ ಅಳಿದರೆ, ಉಳಿದದ್ದು ಕಬ್ಬಿಣ ಮತ್ತು ಮರ ಮಾತ್ರ. ದೊಡ್ಡ ಸಂಸ್ಥೆಗಳಿಗೆ ಇದು ತಿಳಿಯದ್ದೇನಲ್ಲ; ಆದರೆ ಸಾವಿರಾರು ವಸ್ತುಗಳ ನಡುವೆ ಕೂತವರಿಗೆ ಯಾವ ಕೇರಿ, ಯಾರ ಮನೆ ಎಂಬುದು ಬರೀ ಒಂದು ಕಾಲಂ ಆಗಿಬಿಡುತ್ತದೆ. ಹತ್ತು ಮೈಲಿ ಸುತ್ತಳತೆಯಲ್ಲಿ ಕೆಲಸ ಮಾಡುವವರಿಗೆ ಆ ಮನೆಯ ದಾರಿಯೇ ಗೊತ್ತಿರುತ್ತದೆ.

ದಾರ ಬಿಚ್ಚಿದ ಮೇಲೆ ಆದದ್ದನ್ನು ಹೇಳುತ್ತೇನೆ. ಮೊದಲ ಕಟ್ಟಿನ ಮೇಲಿನ ಎರಡು ಗರಿಗಳು ಕೈಯಿಟ್ಟ ಕೂಡಲೇ ಚೂರಾದವು, ಕೊನೆಯವು ಒಂದಕ್ಕೊಂದು ಅಂಟಿಕೊಂಡಿದ್ದವು. ಓಲೆಗರಿಯ ಗ್ರಂಥಗಳಿಗೆ ಇದೊಂದು ಶಾಪವಂತೆ. ಗ್ರಂಥದ ಹೆಸರು ಸಾಮಾನ್ಯವಾಗಿ ಮೊದಲಲ್ಲೋ ಕೊನೆಯಲ್ಲೋ ಇರುತ್ತದೆ. ಬರೆದವನು ಯಾರು, ಯಾವ ಊರಲ್ಲಿ, ಯಾವ ಸಂವತ್ಸರದ ಯಾವ ತಿಥಿಯಂದು, ಯಾರಿಗಾಗಿ ಬರೆದು ಮುಗಿಸಿದ ಎಂಬುದೆಲ್ಲ ಕೊನೆಯ ಗರಿಯಲ್ಲಿರುತ್ತದೆ. ಸವೆತವಾಗಲಿ, ಹುಳುವಾಗಲಿ, ಒದ್ದೆಯಾಗಲಿ ಮೊದಲು ತಗಲುವುದು ಹೊರಗಿನ ಗರಿಗಳಿಗೇ. ಹಾಗಾಗಿ ಒಳಗಿನ ನೂರು ಗರಿಗಳು ಅಚ್ಚುಕಟ್ಟಾಗಿ ಉಳಿದಿದ್ದರೂ ಗ್ರಂಥಕ್ಕೆ ಹೆಸರಿಲ್ಲದೆ, ಲಿಪಿಕಾರನಿಗೆ ಊರಿಲ್ಲದೆ ಹೋಗುತ್ತದೆ. ಬೆನ್ನು, ಸೊಂಟ, ಕುತ್ತಿಗೆ ಮುರಿಯುವಂತೆ ತಲೆತಗ್ಗಿಸಿ ಕಷ್ಟಪಟ್ಟು ಬರೆದಿದ್ದೇನೆ, ಜತನದಿಂದ ಕಾಪಾಡಿರಿ ಎಂದು ಹಳೆಯ ಲಿಪಿಕಾರರು ಕೊನೆಯಲ್ಲಿ ಬರೆಯುವ ಶ್ಲೋಕವೊಂದಿದೆ. ಆ ಬೇಡಿಕೆಯೇ ಎಲ್ಲಕ್ಕಿಂತ ಮೊದಲು ಉದುರಿಹೋಗುವ ಗರಿಯಲ್ಲಿರುತ್ತದೆ ಎಂಬುದನ್ನು ಯೋಚಿಸಿದರೆ ಸಂಕಟವಾಗುತ್ತದೆ.

ನಮ್ಮಲ್ಲಿ ಗರಿಯನ್ನು ಬರವಣಿಗೆಗೆ ಸಿದ್ಧಪಡಿಸುವುದೇ ಒಂದು ಹದದ ಕೆಲಸವಾಗಿತ್ತು. ತಾಳೆಯ ಅಥವಾ ಶ್ರೀತಾಳೆಯ ಎಳೆಗರಿಗಳನ್ನು ಕತ್ತರಿಸಿ, ಬೇಯಿಸಿ, ಒಣಗಿಸಿ, ಉಜ್ಜಿ ನಯ ಮಾಡಿ, ಒಂದೇ ಅಳತೆಗೆ ತಂದು ತೂತು ಕೊರೆಯುತ್ತಿದ್ದರು. ಬರೆಯುವುದು ಶಾಯಿಯಿಂದ ಅಲ್ಲ. ಕಬ್ಬಿಣದ ಕಂಟದಿಂದ ಗರಿಯ ಮೈಯನ್ನು ಗೀರಿ, ಬರೆದಾದ ಮೇಲೆ ಕಾಡಿಗೆಯ ಕಪ್ಪನ್ನು ಹಸಿರೆಲೆಯ ರಸದೊಡನೆ ಸವರಿ ಒರೆಸಿದರೆ ಗೀರಿನೊಳಗೆ ಕಪ್ಪು ಕೂತು ಅಕ್ಷರ ಮೂಡುತ್ತದೆ. ನಮ್ಮ ಕಟ್ಟಿನಲ್ಲಿ ಆ ಕಪ್ಪು ಎಷ್ಟೋ ಕಡೆ ಮಾಸಿತ್ತು, ಬೋಳು ಗರಿಯಂತೆಯೇ ಕಾಣುತ್ತಿತ್ತು. ಮೆತ್ತನೆಯ ಬ್ರಷ್ಷಿನಿಂದ ಧೂಳು ತೆಗೆದು, ಹೊಸದಾಗಿ ಕಪ್ಪು ಸವರಿ ಒರೆಸಿದಾಗ ಖಾಲಿ ಎಂದುಕೊಂಡಿದ್ದ ಗರಿಯ ಮೇಲೆ ಸಾಲಿಗೆ ಸಾಲು ಅಕ್ಷರ ಎದ್ದು ಬಂದದ್ದನ್ನು ನಾನು ಮರೆಯಲಾರೆ. ದೊಡ್ಡಪ್ಪ ಕುರ್ಚಿಯಿಂದ ಎದ್ದು ನಿಂತಿದ್ದರು. ನಂತರ ಗರಿಗಳಿಗೆ ಮಜ್ಜಿಗೆಹುಲ್ಲಿನ ಎಣ್ಣೆ ಸವರುತ್ತಾರೆ. ಅದು ಗರಿಯ ಬಾಗುವ ಗುಣವನ್ನು ಮರಳಿ ತರುತ್ತದೆ, ಅದರ ವಾಸನೆಗೆ ಹುಳು ಹತ್ತಿರ ಸುಳಿಯುವುದಿಲ್ಲ. ನಾವು ಬಟ್ಟೆಯೊಳಗೆ ಕಟ್ಟಿಟ್ಟಿದ್ದ ಬಜೆಯ ತುಂಡು, ಬೇವಿನೆಲೆಗಳನ್ನು ಕಂಡು ಹಿರಿಯರು ಮೆಚ್ಚಿಕೊಂಡರು. ಒಲೆಯ ಮೇಲಿನ ಅಟ್ಟವನ್ನೇ ಆರಿಸಿಕೊಂಡವರ ಜಾಣ್ಮೆಯೂ ಅಲ್ಲಿಯೇ ತಿಳಿದದ್ದು. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಬಟ್ಟೆ ಒಣಗದ, ಚಪ್ಪಲಿಗೂ ಬೂಷ್ಟು ಹಿಡಿಯುವ ಸೀಮೆಯಲ್ಲಿ ದಿನವೂ ಎರಡು ಹೊತ್ತು ಬೆಚ್ಚನೆಯ ಹೊಗೆಯಾಡುವ ಜಾಗಕ್ಕಿಂತ ಒಳ್ಳೆಯ ಭಂಡಾರ ಯಾವುದಿದ್ದೀತು? ಹೊಗೆಯೊಲೆ ಹೋಗಿ ಗ್ಯಾಸ್ ಬಂದದ್ದು ಅಡುಗೆಯವರ ಕಣ್ಣಿಗೆ ಸುಖವಾದರೂ ಓಲೆಗರಿಗಳಿಗೆ ಕಂಟಕವಾಯಿತು ಎಂದು ಅವರು ನಗುತ್ತಲೇ ಹೇಳಿದರು.

ಲಿಪಿ ತಿಗಳಾರಿ. ಮಲೆನಾಡು ಮತ್ತು ಕರಾವಳಿಯ ಮನೆಗಳಲ್ಲಿ ಸಂಸ್ಕೃತವನ್ನು ಹೆಚ್ಚಾಗಿ ಈ ಲಿಪಿಯಲ್ಲಿ ಬರೆಯುತ್ತಿದ್ದರು. ನೋಡಲು ಮಲಯಾಳಂ ಲಿಪಿಯನ್ನು ಹೋಲುತ್ತದೆ. ನಾವು ಓದಲಾರದೆ ಹೋದದ್ದು ನಮ್ಮ ದಡ್ಡತನದಿಂದಲ್ಲ, ಅಚ್ಚಿನ ಮೊಳೆಗೆ ಹೋಗದ ಲಿಪಿ ಎರಡು ಮೂರು ತಲೆಮಾರಿನಲ್ಲಿ ಮನೆಯಿಂದ ಮರೆಯಾದದ್ದರಿಂದ. ತುಳು ತಿಗಳಾರಿ ಎಂಬ ಹೆಸರಿನಲ್ಲಿ ಅದು ಯೂನಿಕೋಡ್ ಸೇರಿದ್ದು 2024ರಲ್ಲಿ. ಅಲ್ಲಿಯವರೆಗೆ ಅದನ್ನು ಉಳಿಸಿಕೊಂಡವರು ಹೀಗೆ ಊರೂರುಗಳಲ್ಲಿ ಕೂತು, ಕಲಿಯಲು ಬಂದವರಿಗೆ ಅಕ್ಷರ ತಿದ್ದಿಸಿದ ಕೆಲವೇ ಮಂದಿ. ನಮ್ಮ ಮೊದಲ ಕಟ್ಟು ಪ್ರಯೋಗ ಗ್ರಂಥ, ಅಂದರೆ ಮದುವೆ, ಉಪನಯನ, ಶ್ರಾದ್ಧಗಳನ್ನು ಮಾಡಿಸುವ ಕ್ರಮ. ದೊಡ್ಡಪ್ಪನಿಗೆ ನಿರಾಶೆಯಾಯಿತೆಂದೇ ಹೇಳಬೇಕು; ಅವರು ಯಾವುದಾದರೂ ಅಲಭ್ಯ ಕಾವ್ಯ ಸಿಕ್ಕೀತೆಂದು ಕಾದಿದ್ದರು. ಎರಡನೆಯದರಲ್ಲಿ ಸ್ವಲ್ಪ ಜ್ಯೋತಿಷ, ಸ್ವಲ್ಪ ದನಕರುಗಳ ಔಷಧ, ನಡುವೆ ಬೇರೆ ಕೈಯ ಕನ್ನಡ ಬರಹದಲ್ಲಿ ಯಾರದೋ ಸಾಲದ ಟಿಪ್ಪಣಿ. ನನಗೆ ಕಾವ್ಯಕ್ಕಿಂತ ಇದೇ ಇಷ್ಟವಾಯಿತು.

ಇನ್ನು ಆ ಹೆಸರಿಲ್ಲದ ಕಪ್ಪು ವಸ್ತು. ಅದನ್ನು ಕಂಡ ಕೂಡಲೇ ಹಿರಿಯರು, "ಇದು ಕಡತ ಅಲ್ವಾ!" ಎಂದರು. ಕಚೇರಿಯ ಫೈಲಿಗೆ ನಾವು ದಿನಬೆಳಗಾದರೆ ಕಡತ ಎನ್ನುತ್ತೇವೆ, ಕಡತ ವಿಲೇವಾರಿ ಎನ್ನುತ್ತೇವೆ; ನಿಜವಾದ ಕಡತವನ್ನು ನಾನು ಮುಟ್ಟಿದ್ದು ಅದೇ ಮೊದಲು. ಬಟ್ಟೆಯ ಪಟ್ಟಿಗೆ ಹುಣಸೆಬೀಜದ ಅಂಟಿನಲ್ಲಿ ಕಲಸಿದ ಇದ್ದಿಲಪುಡಿಯನ್ನು ಎರಡೂ ಮಗ್ಗುಲಿಗೆ ಬಳಿದು, ಒಣಗಿಸಿ, ಒಂದರ ಮೇಲೊಂದು ಬರುವಂತೆ ಮಡಿಕೆ ಮಡಿಕೆಯಾಗಿ ಮಡಿಚಿದರೆ ಕಡತವಾಗುತ್ತದೆ. ಅದರ ಮೇಲೆ ಬಳಪದ ಕಡ್ಡಿಯಿಂದ ಬರೆಯುತ್ತಾರೆ, ಸ್ಲೇಟಿನಂತೆ. ಬೇಡವಾದದ್ದನ್ನು ಅಳಿಸಿ, ಕಪ್ಪು ಬಳಿದು ಮತ್ತೆ ಬರೆಯಬಹುದು. ಶ್ಯಾನುಭೋಗರ ಲೆಕ್ಕ, ಮಠಗಳ ವ್ಯವಹಾರ, ಅಂಗಡಿಯ ವಹಿವಾಟು ಎಲ್ಲವೂ ಇಂಥವುಗಳಲ್ಲೇ ನಡೆಯುತ್ತಿದ್ದವು. ಶೃಂಗೇರಿ ಮಠದಲ್ಲಿ ಉಳಿದಿರುವ ಕಡತಗಳು ಇತಿಹಾಸಕಾರರಿಗೆ ದೊಡ್ಡ ಆಕರವಾಗಿವೆ. ನಮ್ಮದು ಹದಿನಾಲ್ಕು ಮಡಿಕೆಯ ಸಣ್ಣ ಕಡತ, ಮೂಲೆಗಳಲ್ಲಿ ಕಪ್ಪು ಉದುರಿ ನೇಯ್ಗೆ ಕಾಣುತ್ತಿತ್ತು. ಟಾರ್ಚನ್ನು ನೇರವಾಗಿ ಹಿಡಿಯದೆ ಪಕ್ಕದಿಂದ ಓರೆಯಾಗಿ ಬೆಳಕು ಬೀಳಿಸಿದಾಗ, ಬಿಳಿಯ ಬರಹದ ಅಡಿಯಲ್ಲಿ ಅದಕ್ಕೂ ಹಿಂದೆ ಬರೆದು ಅಳಿಸಿದ ಅಕ್ಷರಗಳ ಕೊಂಬು, ಒತ್ತುಗಳು ನೆರಳಿನಂತೆ ಕಾಣಿಸಿದವು.

ಬರಹ ಕನ್ನಡದ್ದೇ, ಮೋಡಿ ಲಿಪಿಯಂತೆ ಕೂಡಿಸಿಕೊಂಡು ಓಡುವ ಕೈ. ತೋಟದ ಲೆಕ್ಕ. ಯಾರಿಗೆ ಎಷ್ಟು ಕೂಲಿ, ಎಷ್ಟು ಅಡಿಕೆ, ಸರ್ಕಾರಕ್ಕೆ ಕಟ್ಟಿದ ಹಣ, ಕಟ್ಟಬೇಕಾದ ಬಾಕಿ. ಮೇಲೆ "ಸರ್ವಧಾರಿ ಸಂವತ್ಸರ" ಎಂದಷ್ಟೇ ಇತ್ತು, ಶಕವರ್ಷ ಇರಲಿಲ್ಲ. ಸಂವತ್ಸರದ ಹೆಸರುಗಳು ಅರವತ್ತು ವರ್ಷಕ್ಕೊಮ್ಮೆ ಮರಳುವುದರಿಂದ ಈ ಸರ್ವಧಾರಿ 1888ರದ್ದೂ ಆಗಬಹುದು, 1828ರದ್ದೂ ಆಗಬಹುದು. ಲೆಕ್ಕ ವರಾಹ ಮತ್ತು ಹಣ ಎಂಬ ಹಳೆಯ ನಾಣ್ಯಗಳಲ್ಲಿತ್ತು. 1831ರಲ್ಲಿ ಮೈಸೂರಿನ ಆಡಳಿತವನ್ನು ಬ್ರಿಟಿಷರು ವಹಿಸಿಕೊಂಡ ಮೇಲೆ ಲೆಕ್ಕಪತ್ರಗಳು ರೂಪಾಯಿಗೆ ತಿರುಗಿದ್ದರಿಂದ, ಹಿಂದಿನ ಸರ್ವಧಾರಿಯ ಕಡೆಗೇ ಒಲವು ಹೋಗುತ್ತದೆ. ಆದರೆ ಹಳ್ಳಿಯ ಮನೆಗಳು ಹಳೆಯ ನಾಣ್ಯಗಳ ಲೆಕ್ಕವನ್ನು ಎಷ್ಟೋ ಕಾಲ ಬಿಟ್ಟಿರಲಿಲ್ಲ ಎಂದು ಹಿರಿಯರು ಎಚ್ಚರಿಸಿದರು. ಅವರು ಚೀಟಿಯಲ್ಲಿ 1828 ಎಂದು ಬರೆದು ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದರು. "ಆ ಕೊಕ್ಕೆ ಯಾಕೆ? ಇಪ್ಪತ್ತೆಂಟು ಅಂತ್ಲೇ ಇರ್ಲಿ ಬಿಡಿ" ಎಂದರು ದೊಡ್ಡಪ್ಪ. "ಗೊತ್ತಾದ ದಿನ ತೆಗೀಬಹುದು, ಈಗ ತೆಗೆದ್ರೆ ಮುಂದಿನವ್ರು ಹುಡುಕೋದೇ ಇಲ್ಲ" ಎಂಬ ಉತ್ತರ ಬಂತು.

1828 ನಿಜವಾದರೆ, ಆ ಬಾಕಿಯ ಸಾಲಿಗೆ ತೂಕ ಬರುತ್ತದೆ. ನಮ್ಮದು ಆಗ ಮೈಸೂರು ಸಂಸ್ಥಾನದ ನಗರ, ಅಂದರೆ ಹಳೆಯ ಬಿದನೂರು, ಸೀಮೆಗೆ ಸೇರಿತ್ತು. ಇಷ್ಟು ಕಂದಾಯ ವಸೂಲು ಮಾಡಿಕೊಡುತ್ತೇವೆಂದು ಅಮಲ್ದಾರರು ಕರಾರು ಮಾಡಿಕೊಂಡು, ಆ ಮೊತ್ತವನ್ನು ರೈತರಿಂದ ಹಿಂಡುತ್ತಿದ್ದ ಶರತ್ತಿನ ಪದ್ಧತಿಯ ಕಾಲ ಅದು. 1830ರಲ್ಲಿ ಇದೇ ಸೀಮೆಯ ರೈತರು ಕೂಟ ಸೇರಿ, ಕಂದಾಯ ನಿಲ್ಲಿಸಿ ಬಂಡೆದ್ದರು. ನಗರದ ದಂಗೆ ಎಂದು ಹೆಸರಾದ ಆ ಗಲಭೆಯನ್ನೇ ಮುಂದುಮಾಡಿ ಬ್ರಿಟಿಷರು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ಕಿತ್ತುಕೊಂಡರು. ಇದನ್ನೆಲ್ಲ ನಾನು ಪಾಠದಲ್ಲಿ ಒಂದು ವಾಕ್ಯವಾಗಿ ಓದಿದ್ದೆ. ನಮ್ಮ ಮನೆಯ ಅಟ್ಟದಲ್ಲಿ ಅದರ ಹಿಂದಿನ ಎರಡು ವರ್ಷಗಳ ಬಿಸಿ, ಯಾರದೋ ಬಳಪದ ಬರಹದಲ್ಲಿ, ಬಾಕಿ ಎಂಬ ಒಂದು ಪದವಾಗಿ ಕೂತಿದ್ದಿರಬಹುದು.

ಅದೇ ಸಂಗ್ರಹಾಲಯದಲ್ಲಿ ಕೆಳದಿ ಅರಸರ ಕಾಲದ ನಾಣ್ಯಗಳೂ ಶಾಸನಗಳೂ ಇರುವುದರಿಂದ, ಈ ಬಾಕಿಯ ಹಿಂದಿನ ಕಥೆಯೂ ಅಲ್ಲಿಯೇ ಸಿಗುತ್ತದೆ. ಹೊಲ ಉಳುವಾಗ ಖಡ್ಗವೂ ನಿಧಿಯೂ ಸಿಕ್ಕು ಗೌಡರ ಮಕ್ಕಳು ನಾಯಕರಾದರೆಂಬ ಐತಿಹ್ಯದಿಂದ ಶುರುವಾಗುವ ಈ ಮನೆತನ, 1500ರ ಸುಮಾರಿನಿಂದ 1763ರಲ್ಲಿ ಹೈದರ್ ಅಲಿ ಬಿದನೂರನ್ನು ಹಿಡಿಯುವವರೆಗೆ, ಕೆಳದಿ, ಇಕ್ಕೇರಿ, ಬಿದನೂರು ಎಂದು ರಾಜಧಾನಿ ಬದಲಿಸುತ್ತಾ ಆಳಿತು. ಅವರಲ್ಲಿ ಶಿವಪ್ಪನಾಯಕ ನಮ್ಮ ತೋಟಗಳ ಮಟ್ಟಿಗೆ ಇಂದಿಗೂ ಜೀವಂತ. ಅವನ ಭೂಕಂದಾಯದ ಏರ್ಪಾಡಿಗೆ ಶಿಸ್ತು ಎಂದೇ ಹೆಸರು. ಒಂದೊಂದು ಬಗೆಯ ಭೂಮಿಯನ್ನೂ ಐದು ವರ್ಷ ಸರ್ಕಾರದ ಲೆಕ್ಕದಲ್ಲಿ ಬೇಸಾಯ ಮಾಡಿಸಿ, ಬಿತ್ತಿದ ಬೀಜ, ತಗುಲಿದ ಖರ್ಚು, ಬಂದ ಬೆಳೆ, ಅದರ ಬೆಲೆ ಎಲ್ಲವನ್ನೂ ಬರೆಸಿ, ಸರಾಸರಿ ತೆಗೆದು, ಹುಟ್ಟುವಳಿಯ ಮೂರರಲ್ಲಿ ಒಂದು ಪಾಲನ್ನು ಕಂದಾಯವೆಂದು ಗೊತ್ತುಮಾಡಿದನೆಂದು ಹೇಳುತ್ತಾರೆ. ಅಡಿಕೆ ತೋಟ ಅಳೆಯುವ ಕೋಲಿಗೆ ಇಕ್ಕೇರಿಯ ಅಘೋರೇಶ್ವರ ದೇವಸ್ಥಾನದ ಕಲ್ಲಿನ ಮೆಟ್ಟಿಲಿನ ಉದ್ದವೇ ಪ್ರಮಾಣ, ಸುಮಾರು ಹದಿನೆಂಟೂವರೆ ಅಡಿ. ಆ ಕೋಲಿನ ಒಂದು ಚೌಕಕ್ಕೆ ದಾಯ ಎಂದು ಹೆಸರು, ದಾಯಕ್ಕೆ ಐದು ಮರದ ಲೆಕ್ಕ. ಅಳತೆಯಲ್ಲಿ ಅನುಮಾನ ಬಂದ ರೈತ ಅಧಿಕಾರಿಯ ಕೋಲನ್ನು ನಂಬಬೇಕಿಲ್ಲ, ದೇವಸ್ಥಾನದ ಮೆಟ್ಟಿಲಿಗೆ ಹಿಡಿದು ನೋಡಬಹುದು! ಸಂಗ್ರಹಾಲಯದಿಂದ ಹೊರಟ ನಾವು ಸಾಗರ ದಾಟಿ ಇಕ್ಕೇರಿಗೂ ಹೋಗಿ, ದೊಡ್ಡಪ್ಪ ತೋಟದ ಕೆಲಸಕ್ಕೆ ಇಟ್ಟುಕೊಂಡಿದ್ದ ಟೇಪು ಬಿಚ್ಚಿ ಮೆಟ್ಟಿಲಿನ ಮೇಲೆ ಹಿಡಿದು ನಿಂತದ್ದು, ಅಲ್ಲಿದ್ದ ಪ್ರವಾಸಿಗರು ನಮ್ಮನ್ನು ವಿಚಿತ್ರವಾಗಿ ನೋಡಿದ್ದು ಬೇರೆಯೇ ಕಥೆ. ಮೂರು ಮೆಟ್ಟಿಲುಗಳಲ್ಲಿ ಯಾವುದು ಎಂಬ ವಾದ ಇಂದಿಗೂ ಮುಗಿದಿಲ್ಲ.

ದೊಡ್ಡ ಊರಿನ ಮ್ಯೂಸಿಯಂ ಒಂದಕ್ಕೆ ಈ ಅನುಕೂಲ ಇಲ್ಲ. ಅಲ್ಲಿ ಇಕ್ಕೇರಿ ವರಾಹವನ್ನು ನೋಡಬಹುದು, ಒಂದು ಮುಖದಲ್ಲಿ ಕುಳಿತ ಶಿವಪಾರ್ವತಿಯರನ್ನೂ ಇನ್ನೊಂದು ಮುಖದಲ್ಲಿ ನಾಗರಿ ಅಕ್ಷರದ ಶ್ರೀ ಸದಾಶಿವ ಎಂಬ ಬರಹವನ್ನೂ ಭೂತಗನ್ನಡಿಯಲ್ಲಿ ಕಾಣಬಹುದು. ಆದರೆ ಆ ವರಾಹದಲ್ಲಿ ಕಂದಾಯ ಕಟ್ಟಿದ ತೋಟ, ಆ ತೋಟ ಅಳೆದ ಕೋಲಿನ ಮೆಟ್ಟಿಲು, ಕಟ್ಟಲಾರದೆ ಬರೆದಿಟ್ಟ ಬಾಕಿ ಎಲ್ಲವೂ ಒಂದು ಬೆಳಗಿನ ಓಡಾಟದೊಳಗೆ ಸಿಗುವುದು ಕೆಳದಿಯಂಥ ಜಾಗದಲ್ಲಿ ಮಾತ್ರ. ರಾಮನಗರದ ಬಳಿ ಎಚ್. ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕವೋ ಧರ್ಮಸ್ಥಳದ ಮಂಜೂಷಾವೋ ವಿಸ್ತಾರದಲ್ಲಿ ಇದಕ್ಕಿಂತ ಎಷ್ಟೋ ದೊಡ್ಡವು, ಅವುಗಳ ಬಗ್ಗೆ ನನಗೆ ಗೌರವವಿದೆ. ನಾನು ಹೇಳುತ್ತಿರುವುದು ನಡೆದು ತಲುಪಬಹುದಾದ ದೂರದ ವಿಷಯ.

ಕೊಡುವುದೋ ಇಟ್ಟುಕೊಳ್ಳುವುದೋ ಎಂಬ ಮಾತು ಬಂದಾಗ ನಮ್ಮೊಳಗೆ ಒಮ್ಮತವಿರಲಿಲ್ಲ. ಕೊಡಲೇಬೇಕೆಂದು ಅಲ್ಲಿ ಯಾರೂ ಒತ್ತಾಯಿಸಲಿಲ್ಲ. ಮನೆಯಲ್ಲೇ ಇಟ್ಟುಕೊಳ್ಳುವುದಾದರೆ ಚಿತ್ರ ತೆಗೆದುಕೊಂಡು, ವಿವರ ಪಟ್ಟಿಮಾಡಿ, ಜೋಪಾನದ ಕ್ರಮ ಹೇಳಿಕೊಡುತ್ತೇವೆ. ಕೊಡುವುದಾದರೆ ಮನೆಯ ಹೆಸರಿನಲ್ಲಿಯೇ ಇರುತ್ತದೆ, ಯಾವಾಗ ಬೇಕಾದರೂ ಬಂದು ನೋಡಬಹುದು ಎಂದರು. ಕೇಂದ್ರ ಸರ್ಕಾರ 2003ರಲ್ಲಿ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನ ಆರಂಭಿಸಿದ ಮೇಲೆ ದೇಶದಾದ್ಯಂತ ಮನೆಗಳಲ್ಲಿರುವ ಹಸ್ತಪ್ರತಿಗಳ ಪಟ್ಟಿಯೂ ಹೀಗೆಯೇ ಬೆಳೆದಿದೆ. ವಸ್ತುವನ್ನು ಕಿತ್ತು ತರದೆ ಅದು ಇರುವ ಜಾಗವನ್ನು ಬರೆದುಕೊಳ್ಳುವುದೂ ಸಂಗ್ರಹವೇ ಎಂಬ ತಿಳಿವಳಿಕೆ ನನಗೆ ಹಿಡಿಸಿತು. ಕೊನೆಗೆ ಓಲೆಗರಿಯ ಮೂರು ಕಟ್ಟುಗಳನ್ನು ಕೊಟ್ಟೆವು, ಹೊಸ ಮನೆಯ ಕಾಂಕ್ರೀಟು ಗೋಡೆ ಮಳೆಗಾಲದಲ್ಲಿ ಹೇಗೆ ಬೆವರುತ್ತದೆಂದು ಗೊತ್ತಿದ್ದರಿಂದ. ಕಡತವನ್ನು ದೊಡ್ಡಪ್ಪ ಬಿಟ್ಟುಕೊಡಲಿಲ್ಲ. ಮಡಿಕೆ ಮಡಿಕೆಯ ಫೋಟೋ ಕೊಟ್ಟು, ಅದನ್ನು ವಾಪಸು ತಂದು, ತಮ್ಮ ಕೋಣೆಯ ಕಪಾಟಿನಲ್ಲಿ ಬಿಳಿ ಬಟ್ಟೆ ಸುತ್ತಿ ಇಟ್ಟುಕೊಂಡಿದ್ದಾರೆ. ಚೀಟಿಯ ಪ್ರತಿಯನ್ನೂ ಕೇಳಿ ತಂದರು, ಆ ಕೊಕ್ಕೆಯ ಸಮೇತ.

ಹೋದ ನವರಾತ್ರಿಯಲ್ಲಿ ಹೊಸ ಮನೆಯಲ್ಲಿ ಮತ್ತೆ ಶಾರದಾಪೂಜೆ ನಡೆಯಿತು. ಮಕ್ಕಳ ಪಠ್ಯಪುಸ್ತಕಗಳ ಮೇಲೆ ಕಡತ ಕೂತಿತ್ತು. ಅದಕ್ಕೆ ಕುಂಕುಮ ಹಚ್ಚಬಾರದು, ಎಣ್ಣೆಕೈಯಲ್ಲಿ ಮುಟ್ಟಬಾರದು ಎಂದು ದೊಡ್ಡಪ್ಪ ಎಲ್ಲರಿಗೂ ತಾಕೀತು ಮಾಡುತ್ತಿದ್ದರು. ಆಮೇಲಿನ ವಾರ ನಾನು ಕೆಳದಿಗೆ ಹೋಗಿದ್ದೆ. ನಮ್ಮ ಮೂರನೆಯ ಕಟ್ಟನ್ನು ಇನ್ನೂ ಯಾರೂ ಓದಿಲ್ಲ. ಗರಿಗಳು ಅಂಟಿಕೊಂಡಿರುವುದರಿಂದ ಬಿಡಿಸಲು ಸಮಯ ಬೇಕಂತೆ. ಅದರ ಮೇಲಿನ ಚೀಟಿಯಲ್ಲಿ ವಿಷಯ ಎಂಬಲ್ಲಿ ಖಾಲಿ ಬಿಟ್ಟಿದ್ದರು. ಕೆಳಗೆ ಊರು, ಮನೆಯ ಹೆಸರು, "ಅಡುಗೆಮನೆಯ ಒಲೆಯ ಮೇಲಿನ ಅಟ್ಟ" ಎಂಬ ವಿವರ, ಅದರ ಮುಂದೆ ಪೂಜಿಸುತ್ತಿದ್ದವರು ಎಂದು ಬರೆದು ಅಜ್ಜಿಯ ಹೆಸರು, ಆವರಣದಲ್ಲಿ ಅವರ ತವರೂರು.